ಬೇಳೆ ಗೋದಾಮಿನಲ್ಲಿ ಮುಂದಿನ ಜಾಗ ತುಂಬುವ ಕ್ರಮ

ಗೋದಾಮಿನ ಹಿಂಭಾಗದ ಥಪ್ಪಿಯಲ್ಲಿ (ಪೇರಿಸಿಟ್ಟ ಚೀಲಗಳ ರಾಶಿಯಲ್ಲಿ) 500 ಚೀಲ ಫಟಕಾ, ಅಂದರೆ ಮೇಲ್ದರ್ಜೆಯ ಬೇಳೆ ಇದ್ದರೂ, ಮುಂದಿನ ಜಾಗ, ಅಂದರೆ ಬಾಗಿಲ ಬಳಿಯ ಲೋಡಿಂಗ್ ಜಾಗ ಬರಿದಾದರೆ ಲಾರಿ ನಿಲ್ಲುತ್ತದೆ, ಹಮಾಲರು ಸುಮ್ಮನೆ ಕೂರಬೇಕಾಗುತ್ತದೆ. ಕಲಬುರಗಿಯಂಥ ತೊಗರಿ ಊರಿನಲ್ಲಿ ಇದನ್ನು ಲೆಕ್ಕದಿಂದಲೇ ತಪ್ಪಿಸಬಹುದು.

ದಿನದ 10 ತಾಸಿನಲ್ಲಿ 50 ಕೆಜಿಯ 60 ಚೀಲ ಹೋಗುತ್ತವೆ ಎನ್ನಿ, ಅಂದರೆ ತಾಸಿಗೆ 6. ಹಿಂದಿನಿಂದ ತರಲು ಒಂದೂವರೆ ತಾಸು ಬೇಕಾದರೆ ಅಷ್ಟರಲ್ಲಿ 9 ಚೀಲ ಖರ್ಚು. ತಡವಾದರೂ ಸಾಲುವಂತೆ ಅದರ ಅರ್ಧ ಸೇರಿಸಿ, ಮುಂದಿನ ಜಾಗದ ಚೀಲ 14ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ.

ದಿನವಿಡೀ ಚೀಲ ಎಣಿಸುವುದಕ್ಕಿಂತ ಪ್ರತಿ ನಮೂನೆಗೆ ಎರಡು ಪ್ಯಾಲೆಟ್ (ಚೀಲ ಪೇರಿಸುವ ಅಡಿಹಲಗೆ) ಜಾಗ ಕೊಡುವುದೇ ಮೇಲು. ಒಂದೊಂದರಲ್ಲಿ 20 ಚೀಲ: ನಾಲ್ಕು ವರಸೆ, ವರಸೆಗೆ ಐದು (ಮೂರು ಉದ್ದಕ್ಕೆ, ಎರಡು ಅಡ್ಡಕ್ಕೆ). ಮೇಲಿನ ವರಸೆಯಲ್ಲಿ ದಿಕ್ಕು ತಿರುಗಿಸದಿದ್ದರೆ ಟ್ರಾಲಿ ಎಳೆಯುವಾಗ ಥಪ್ಪಿ ಜಾರುತ್ತದೆ. ಎಡದ್ದು ಪೂರ್ತಿ ಮುಗಿದ ಮೇಲೆ ಬಲದ್ದಕ್ಕೆ ಕೈ ಹಾಕಿ, ಕೂಡಲೇ ಎಡಕ್ಕೆ ಹೊಸದು ತನ್ನಿ. ಹಳೆಯ ಚೀಲದ ಮೇಲೆ ಹೊಸದು ಪೇರಿಸಿದರೆ ಹಳೆಯದು ಅಡಿಯಲ್ಲೇ ಉಳಿದು ಹುಳು ಹಿಡಿಯುತ್ತದೆ. ದೀಪಾವಳಿ ಮುಂದೆ ತಾಸಿಗೆ 10 ಹೋಗತೊಡಗಿದರೆ ಕನಿಷ್ಠ 23 ಬೇಕು. ಉಳಿದ ಒಂದು ಪ್ಯಾಲೆಟ್ಟಿನ 20 ಸಾಲದು, ಆಗ ಮೂರನೇ ಜಾಗ ಮಾಡಿ.

ತರುವಾಗ ಪ್ರತಿ ಚೀಲದ ಲಾಟ್ ನಂಬರ್ ನೋಡಿ, ಮೇಲಿನದೊಂದನ್ನೇ ಅಲ್ಲ. ಫಟಕಾ ಮತ್ತು ಸಾದಾ ಬೇಳೆ ಒಂದೇ ಥರದ ಚೀಲದಲ್ಲಿದ್ದರೆ ಹೊಲಿಗೆ ದಾರದ ಬಣ್ಣ ಬದಲಿಸಿ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಆ ಸೀಮೆಯದೇ ಮಾಲು ಎಂಬ ಗುರುತು) ಸಿಕ್ಕಿದೆ. ಆ ಗುರುತಿನ ಚೀಲಗಳಿಗೆ ಹೊರಗಿನ ಮಾಲು ಬೆರೆಯಲೇಬಾರದು. ಹರಿದ ಚೀಲ, ಹೊಲಿಗೆ ಬಳಿ ಹಿಟ್ಟು ಉದುರುವ ಚೀಲ ಬೇರೆ ಇಡಿ.

ರಿಜಿಸ್ಟರಿನಲ್ಲಿ ಬರೆಯುವುದು ಚೀಲ ಇಳಿಸಿದ ಮೇಲೆ, ಹಿಂದಿನ ಜಾಗದಿಂದ ಕಳೆದು ಮುಂದಿನದಕ್ಕೆ ಕೂಡಿಸಿ. ಮೊದಲೇ ಬರೆದಿಟ್ಟು ಮಾಲು ದಾರಿಯಲ್ಲಿ ನಿಂತರೆ ಎರಡೂ ಕಡೆ ಲೆಕ್ಕ ತಪ್ಪುತ್ತದೆ.

ಹೆಚ್ಚು ಮಂದಿ ಮರೆಯುವುದು ಗುಳಿಗೆಯ, ಅಂದರೆ ವಿಷಗಾಳಿ ಬಿಟ್ಟು ಹುಳು ಕೊಲ್ಲುವ ಮದ್ದಿನ ದಿನಗಳನ್ನು. ತಾಡಪತ್ರಿ ಮುಚ್ಚಿ ಗುಳಿಗೆ ಹಾಕಿದ ಥಪ್ಪಿಯನ್ನು ಏಳು ದಿನ ಮುಟ್ಟುವಂತಿಲ್ಲ. ತೆರೆದ ಮೇಲೂ ವಿಷಗಾಳಿ ಪೂರ್ತಿ ಹೋಗಿದೆ ಎಂದು ಗುಳಿಗೆ ಹಾಕಿದ ಪರವಾನಗಿದಾರರು ಹೇಳುವವರೆಗೆ ಹಮಾಲರನ್ನು ಹತ್ತಿರ ಬಿಡಬೇಡಿ, ಇದು ಜೀವದ ಮಾತು. ದಿನಕ್ಕೆ 60ರಂತೆ ಏಳು ದಿನಕ್ಕೆ 420 ಚೀಲ, ಗಾಳಿಯಾಡಿಸಲು ಇನ್ನೊಂದು ದಿನದ 60. ಅಷ್ಟು ಮಾಲು ಬೇರೆ ಥಪ್ಪಿಯಲ್ಲಿದೆಯೇ ಎಂದು ನೋಡಿಯೇ ಮುಚ್ಚಿಸಿ.