ಚಿರತೆ ವೀಡಿಯೊ ಕಳಿಸಿದ ಮೇಲೆ

ಬೆಳಗ್ಗೆ ಆರು ಗಂಟೆ. ಹಾಲು ಕಾಯಲು ಇಟ್ಟು ಫೋನ್ ತೆಗೆದೆ. ಬೀದಿ ದೀಪದ ಕೆಳಗೆ ಚಿರತೆಯೊಂದು ಕಾಂಪೌಂಡ್ ಹಾರುತ್ತಿದೆ. ಜೊತೆಗೆ "ಕುವೆಂಪುನಗರ, ಈಗಷ್ಟೇ, ಹುಷಾರು" ಎಂಬ ಸಾಲು. ನಮ್ಮ ಮನೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಹಾಲು ಉಕ್ಕುವಷ್ಟರಲ್ಲಿ ಮೂರು ಗ್ರೂಪಿಗೆ ಕಳಿಸಿಬಿಟ್ಟೆ.

ಮೈಸೂರಿನಲ್ಲಿ ಚಿರತೆ ಎಂದರೆ ಯಾರೂ ನಗುವುದಿಲ್ಲ. ಚಾಮುಂಡಿ ಬೆಟ್ಟದಲ್ಲಿ ಇವೆ, ಊರಂಚಿನ ಬಡಾವಣೆಗಳಿಗೂ ಬಂದು ಹೋಗುತ್ತವೆ. ಹಾಗಾಗಿ ಎಲ್ಲರೂ ನಂಬಿದರು. ಪೇಪರ್ ಹಾಕುವ ಹುಡುಗನನ್ನು ಅವನ ಅಮ್ಮ ಎರಡು ದಿನ ಕಳಿಸಲಿಲ್ಲ. ಪಾರ್ಕಿನಲ್ಲಿ ವಾಕಿಂಗ್ ನಿಂತಿತು. ಎದುರು ಮನೆಯ ನಿವೃತ್ತ ಮೇಷ್ಟ್ರು ಸಕ್ಕರೆ ಕಾಯಿಲೆಯವರು, ಒಂದು ದಿನವೂ ನಡಿಗೆ ತಪ್ಪಿಸಿದವರಲ್ಲ. ಅವರೂ ಗೇಟಿನ ಒಳಗೇ ಹಿಂದೆ ಮುಂದೆ ಓಡಾಡುತ್ತಿದ್ದರು.

ಮೂರನೇ ದಿನ ಅವರೇ ಫೋನ್ ಹಿಡಿದು ಬಂದರು. "ವೀಡಿಯೊ ಪೂರ್ತಿ ನೋಡಿದ್ಯೇನಮ್ಮ?" ಎಂದು ಕೇಳಿದರು. ನಾನು ನೋಡಿದ್ದು ನಾಲ್ಕು ಸೆಕೆಂಡ್ ಇರಬಹುದು. "ಕೊನೇಲಿ ಮೂರು ಕಾರು ಕಾಣ್ಸುತ್ತೆ. ಮೂರೂ ಎಂಎಚ್ ನಂಬರು. ನಮ್ಮ ಬೀದಿಗೆ ಮಹಾರಾಷ್ಟ್ರದ ನೆಂಟರು ಇಷ್ಟು ಜನ ಯಾವಾಗ ಬಂದ್ರು?" ಅವರು ನಗುತ್ತಲೇ ಹೇಳಿದರು. ನನಗೆ ಮಾತ್ರ ಮುಖ ಎತ್ತಲು ಆಗಲಿಲ್ಲ.

ನಾಚಿಕೆಗೆ ಇನ್ನೊಂದು ಕಾರಣವೂ ಇದೆ. ನನ್ನ ಕೆಲಸವೇ ಬರವಣಿಗೆ. ಒಂದು ಸಾಫ್ಟ್‌ವೇರ್ ಕಂಪನಿಗೆ ಮನೆಯಿಂದಲೇ ಬಳಕೆದಾರರ ಕೈಪಿಡಿ ಬರೆಯುತ್ತೇನೆ. ಟೀಮಿನಲ್ಲಿ ಇಬ್ಬರು ಪುಣೆಯಲ್ಲಿ, ಒಬ್ಬರು ಕೊಚ್ಚಿಯಲ್ಲಿ, ಮೂವರು ಪೋಲೆಂಡಿನ ಕ್ರಾಕೋವ್‌ನಲ್ಲಿ. ಅಲ್ಪವಿರಾಮಕ್ಕೂ ಎರಡು ಸಲ ಯೋಚಿಸುವವಳು ಚಿರತೆಗೆ ನಾಲ್ಕು ಸೆಕೆಂಡ್ ಕೊಟ್ಟಿದ್ದೆ.

ಅದೇ ತಿಂಗಳು ಆಫೀಸಿನಲ್ಲೂ ಎಡವಟ್ಟಾಯಿತು. ಒಳ್ಳೆಯ ಕೈಪಿಡಿ ಹೇಗಿರಬೇಕು ಎಂಬ ಬಗ್ಗೆ 50 ನಿಮಿಷದ ಭಾಷಣವೊಂದು ಯೂಟ್ಯೂಬಿನಲ್ಲಿ ಸಿಕ್ಕಿತು. ಲಿಂಕನ್ನು ನಮ್ಮ ಆಫೀಸಿನ ಚಾಟ್ ಆ್ಯಪ್ ಸ್ಲ್ಯಾಕ್‌ನಲ್ಲಿ ಹಾಕಿ, ಟೀಮಿನ ಎಲ್ಲರ ಫೋನೂ ಸದ್ದು ಮಾಡುವ ಹಾಗೆ ಟ್ಯಾಗ್ ಮಾಡಿ, "ಚೆನ್ನಾಗಿದೆ, ನೋಡಿ" ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದೆ. ನನಗೆ ಬೆಳಗ್ಗೆ 11 ಗಂಟೆ. ಕ್ರಾಕೋವ್‌ನಲ್ಲಿ ಚಳಿಗಾಲದ ಆರೂವರೆ. ಅಲ್ಲಿನ ಒಬ್ಬ ಎಂಜಿನಿಯರ್‌ಗೆ ಆ ವಾರ ತುರ್ತು ಕರೆಗಳ ಪಾಳಿ ಇತ್ತು. ಹಾಗಾಗಿ ಆಕೆ ಫೋನನ್ನು ಸೈಲೆಂಟ್ ಮಾಡಿರಲಿಲ್ಲ. ಸರ್ವರ್ ಬಿತ್ತೇನೋ ಎಂದು ಗಾಬರಿಯಾಗಿ ಎದ್ದರಂತೆ. ಆಮೇಲೆ ಇದು ತನಗೆ ಕೊಟ್ಟ ಕೆಲಸ ಎಂದುಕೊಂಡು ಐವತ್ತು ನಿಮಿಷವೂ ಕೂತು ನೋಡಿದ್ದಾರೆ. ಮಧ್ಯಾಹ್ನ ಮೆಸೇಜ್ ಬಂತು. "ನೋಡಿದೆ. ನಾನು ಏನನ್ನು ಬದಲಾಯಿಸಬೇಕು?"

ಏನೂ ಇಲ್ಲ! ಸುಮ್ನೆ ಚೆನ್ನಾಗಿದೆ ಅಂತ ಹಾಕಿದ್ದೆ ಅಷ್ಟೆ.

ಎರಡೂ ಒಂದೇ ಥರದ ತಪ್ಪು. ನಾನು ಯಾರಿಗೆ ಕೊಡುತ್ತಿದ್ದೇನೆ ಎಂದು ನೋಡದೆ ಕೊಟ್ಟಿದ್ದೆ. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಹಂಚುವ ಮೊದಲು ಮನಸ್ಸಿನಲ್ಲಿ ಒಬ್ಬರ ಹೆಸರು ಹೇಳಿಕೊಳ್ಳಬೇಕು. ಇದು ಇಂಥವರಿಗೆ, ಇಂಥ ಕಾರಣಕ್ಕೆ. ಹೆಸರು ಹೊಳೆಯದಿದ್ದರೆ ಕಳಿಸುವುದಿಲ್ಲ. ಒಂದೇ ಹೆಸರು ಹೊಳೆದರೆ ಗ್ರೂಪಿಗೆ ಹಾಕದೆ ಅವರಿಗೆ ಮಾತ್ರ ಕಳಿಸುತ್ತೇನೆ. ಶುರುವಿನ ವಾರವೇ ನನ್ನ ಫಾರ್ವರ್ಡ್‌ಗಳಲ್ಲಿ ಮುಕ್ಕಾಲು ಪಾಲು ಉದುರಿಹೋದವು. "ಏನೇ, ಹುಷಾರಾಗಿದ್ದೀಯಾ?" ಎಂದು ಗೆಳತಿಯೊಬ್ಬಳು ಕೇಳಿದಳು.

ಆಫೀಸಿಗೆ ಇನ್ನೂ ಮೂರು ವಿಷಯ ಸೇರಿಸಬೇಕಾಯಿತು. ಏಕೆ ಕಳಿಸುತ್ತಿದ್ದೇನೆ, ಎಷ್ಟು ಭಾಗ ನೋಡಿದರೆ ಸಾಕು, ಉತ್ತರ ಬೇಕೋ ಬೇಡವೋ. ಅದೇ ಭಾಷಣವನ್ನು ಈಗ ಕಳಿಸುವುದಾದರೆ ಹೀಗೆ ಬರೆಯುತ್ತೇನೆ: "ನಮ್ಮ ಲಾಗಿನ್ ಪುಟದ ದೋಷ ಸಂದೇಶಗಳ ಬಗ್ಗೆ ಹೋದ ವಾರ ಮಾತಾಡಿದೆವಲ್ಲ, ಅದಕ್ಕೆ ಇಲ್ಲೊಂದು ದಾರಿ ಇದೆ. 28ರಿಂದ 33ನೇ ನಿಮಿಷ ನೋಡಿದರೆ ಸಾಕು. ಉತ್ತರ ಬೇಕಿಲ್ಲ, ಗುರುವಾರದ ಮೀಟಿಂಗಿನಲ್ಲಿ ಮಾತಾಡೋಣ." ಯೂಟ್ಯೂಬಿನಲ್ಲಿ ಆ ನಿಮಿಷಕ್ಕೇ ತೆರೆದುಕೊಳ್ಳುವ ಲಿಂಕ್ ಕೂಡ ಸಿಗುತ್ತದೆ, ಹಂಚುವ ಕಡೆ ಸಮಯ ಟಿಕ್ ಮಾಡಿದರೆ ಆಯಿತು. ಸ್ಲ್ಯಾಕ್‌ನಲ್ಲಿ ಈಗ ಬರೆದಿಟ್ಟು ಆಮೇಲೆ ಹೋಗುವ ಹಾಗೆ ಮಾಡಬಹುದು. ನನ್ನವು ಹೆಚ್ಚಾಗಿ ನಮ್ಮ ಮಧ್ಯಾಹ್ನ ಎರಡಕ್ಕೆ ಹೊರಡುತ್ತವೆ. ಆಗ ಅಲ್ಲಿ ಚಳಿಗಾಲವಾದರೆ ಒಂಬತ್ತೂವರೆ, ಬೇಸಿಗೆಯಾದರೆ ಹತ್ತೂವರೆ. ಅವರು ಗಡಿಯಾರವನ್ನು ವರ್ಷಕ್ಕೆರಡು ಸಲ ತಿರುಗಿಸುತ್ತಾರೆ. ಇದು ಇವತ್ತಿಗೂ ನನ್ನ ತಲೆ ತಿನ್ನುತ್ತದೆ.

ಲಿಂಕ್ ಕಳಿಸುವಾಗ ಎಲ್ಲರಿಗೂ ತೆರೆಯುವ ಅನುಮತಿ ಇದೆಯಾ ಎಂದೂ ನೋಡುತ್ತೇನೆ. ಇಲ್ಲದಿದ್ದರೆ ನಾನು ಮಲಗಿರುವಾಗ ಅವರು ಬಾಗಿಲು ತಟ್ಟುತ್ತಾ ನಿಂತಿರುತ್ತಾರೆ. ಹಾಗಂತ "ಲಿಂಕ್ ಇರುವ ಯಾರಾದರೂ ನೋಡಬಹುದು" ಎಂದು ಹಾರುಹೊಡೆಯುವುದೂ ಸರಿಯಲ್ಲ.

ಗೆಳೆಯರ ಗ್ರೂಪಿಗೆ ಇಷ್ಟೊಂದು ಶಿಸ್ತು ತಂದರೆ ಯಾರೂ ಸಹಿಸುವುದಿಲ್ಲ. ತರಲೂಬಾರದು. ಅಲ್ಲಿ ಹಾಳುಹರಟೆಯೇ ಮುಖ್ಯ. ಅಲ್ಲಿ ನಾನು ನೋಡುವುದು ಫೋಟೊಗಳನ್ನು ಮಾತ್ರ. ಒಮ್ಮೆ ದಸರಾ ವಸ್ತುಪ್ರದರ್ಶನದಲ್ಲಿ ಮೂವರು ಗೆಳತಿಯರು ಹಪ್ಪಳ ತಿನ್ನುವ ಫೋಟೊ ಸ್ಟೇಟಸ್‌ಗೆ ಹಾಕಿದೆ. ಅವರಲ್ಲಿ ಒಬ್ಬಳು ತಲೆನೋವು ಎಂದು ಹೇಳಿ ಅತ್ತೆ ಮನೆಯ ಪೂಜೆ ತಪ್ಪಿಸಿಕೊಂಡು ಬಂದಿದ್ದಳು. ಅತ್ತೆಯ ನಂಬರ್ ನನ್ನ ಫೋನಿನಲ್ಲಿ ಇರುವುದು ನನಗೇ ನೆನಪಿರಲಿಲ್ಲ. ಈಗ ಫೋಟೊದಲ್ಲಿ ಇರುವವರನ್ನೆಲ್ಲ "ಹಾಕ್ಲಾ?" ಎಂದು ಕೇಳಿಯೇ ಹಾಕುತ್ತೇನೆ. ಮಕ್ಕಳದಾದರೆ ಅವರ ಅಪ್ಪ ಅಮ್ಮನನ್ನು. ಒಂದು ಸಣ್ಣ ವಿಷಯ ತಿಳಿದಿರಲಿ. ವಾಟ್ಸಾಪಿನಲ್ಲಿ ಫೋಟೊವನ್ನು ಫೋಟೊ ಆಗಿ ಕಳಿಸಿದರೆ ಎಲ್ಲಿ ತೆಗೆದದ್ದು ಎಂಬ ಮಾಹಿತಿ ಅದರಿಂದ ಕಳಚಿಹೋಗುತ್ತದೆ. ಚೆನ್ನಾಗಿ ಬರಲಿ ಎಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ, ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದ ಪಕ್ಷದಲ್ಲಿ, ಅದೂ ಜೊತೆಗೆ ಹೋಗುತ್ತದೆ.

ಕಷ್ಟವಾಗಿದ್ದು ಊರಿನ ಗ್ರೂಪ್. ಅಪ್ಪ ಪಾಂಡವಪುರದ ಕಡೆ ಹಳ್ಳಿಯಲ್ಲಿದ್ದಾರೆ. ಭತ್ತ, ಸ್ವಲ್ಪ ಕಬ್ಬು. ಅವರ ಗ್ರೂಪಿನಲ್ಲಿ ಮಳೆ ಶುರುವಾದರೆ ಸಾಕು, ಕನ್ನಂಬಾಡಿಯ ಗೇಟುಗಳಿಂದ ನೀರು ಧುಮುಕುವ ವೀಡಿಯೊ ಬರುತ್ತದೆ. ಪ್ರತಿವರ್ಷ ಅದೇ ವೀಡಿಯೊ. ಅದು ಹೋಗಲಿ, ನೋಡಲಾದರೂ ಚೆಂದ. ಒಂದು ವರ್ಷ ನಾಲೆಗೆ ನೀರು ಬಿಡುವ ಪ್ರಕಟಣೆಯ ಫೋಟೊ ಓಡಾಡಿತು. ಮೇಲಿನ ತುದಿ, ತಾರೀಕು ಇರುವ ಜಾಗ, ಕತ್ತರಿಸಿಹೋಗಿತ್ತು. ಅಪ್ಪ ಅದನ್ನು ಕಳಿಸಿದರು. ನಂಬಿದ ನಮ್ಮ ಸೋದರಮಾವ ಭತ್ತದ ಸಸಿಗೆ ಒಟ್ಲು ಹಾಕಿದರು. ಅದು ಹಿಂದಿನ ವರ್ಷದ್ದು. ನಮ್ಮ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಂದದ್ದು ಮೂರು ವಾರ ತಡವಾಗಿ, ಅದೂ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ. ಪೈರು ಒಣಗಿತು.

"ತಿಳಿದೋರು ಕಳ್ಸವ್ರೆ ಅಂದ್ಮೇಲೆ ದಿಟ್ವೇ ಇರ್ಬೇಕು ಅಂದ್ಕಂಡೆ ಕಣವ್ವ" ಎಂದರು ಅಪ್ಪ. ಆ ತಿಳಿದವರಿಗೂ ಯಾರೋ ತಿಳಿದವರು ಕಳಿಸಿದ್ದರು.

ಅಪ್ಪನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿ? ಚಿರತೆ ಕಥೆಯನ್ನೇ ಹೇಳಿದೆ. ಆಮೇಲೆ ಫೋನಿನಲ್ಲಿ ಜೋಡಿ ಬಾಣದ ಗುರುತು ತೋರಿಸಿದೆ. "ಹಲವು ಬಾರಿ ಫಾರ್ವರ್ಡ್ ಆಗಿದೆ" ಎಂದು ಅದರ ಅರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಆಗುವ ಹಾಗೆ 2020ರ ಏಪ್ರಿಲ್‌ನಲ್ಲಿ ವಾಟ್ಸಾಪ್ ಮಿತಿ ಹಾಕಿತು. ಅದಕ್ಕೂ ಮೊದಲು, 2018ರಲ್ಲಿ, ನಮ್ಮ ದೇಶದಲ್ಲಿ ಐದೇ ಕಡೆ ಎಂದು ಮಾಡಿತ್ತು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಫೋನಿಂದ ಫೋನಿಗೆ ಹರಿದು, ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದಿದ್ದರು. ಅಪ್ಪನಿಗೆ ಅದು ನೆನಪಿತ್ತು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಫಾರ್ವರ್ಡ್ ಮಾಡಬೇಡಿ ಎಂದು ನಾನು ಹೇಳಲಿಲ್ಲ. ಗ್ರೂಪಿನಲ್ಲಿ ಅವರಿಗೂ ಏನಾದರೂ ಹೇಳಬೇಕು ಅನ್ನಿಸುತ್ತದೆ, ಅಲ್ವಾ? ದಿನಾ ಪೇಪರಿನಲ್ಲಿ ಅಣೆಕಟ್ಟೆಯ ಲೆಕ್ಕ ಬರುತ್ತದಲ್ಲ, ಗರಿಷ್ಠ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಅದನ್ನು ನೀವೇ ಟೈಪ್ ಮಾಡಿ ಹಾಕಿ, ತಾರೀಕು ಬರೆಯಿರಿ ಎಂದೆ. ಈಗ ಮೂರನೇ ಮಳೆಗಾಲ. ಬೆಳಗ್ಗೆ ಕಾಫಿ ಆದ ಮೇಲೆ ಅಪ್ಪನ ಸಾಲು ಬರುತ್ತದೆ, ನಿನ್ನೆಗಿಂತ ಎಷ್ಟು ಏರಿತು ಎಂಬುದೂ ಸೇರಿ. ಎರಡು ದಿನ ಜ್ವರ ಬಂದು ಬರೆಯದಿದ್ದಾಗ ಜನ ಮನೆಗೇ ಬಂದು ಕೇಳಿದರಂತೆ.

ಹೋದ ತಿಂಗಳು ನನಗೆ ಮತ್ತೊಂದು ಚಿರತೆ ವೀಡಿಯೊ ಬಂತು. ಪೂರ್ತಿ ನೋಡಿದೆ. ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟರೆ ಅಂಥದ್ದನ್ನೇ ಹುಡುಕುವ ಗೂಗಲ್ ಲೆನ್ಸ್‌ಗೆ ಕೊಟ್ಟೆ. ಎರಡು ವರ್ಷದ ಹಿಂದೆಯೇ ಬೇರೆ ಊರಿನ ಹೆಸರಲ್ಲಿ ಓಡಿದ್ದು ಸಿಕ್ಕಿತು. ಲಿಂಕನ್ನು ಮೇಷ್ಟ್ರಿಗೆ ಮಾತ್ರ ಕಳಿಸಿದೆ. ಬೆಳಗಿನ ನಡಿಗೆ ಇರುವುದು ಅವರಿಗೆ ತಾನೇ.

ಅಪ್ಪನಿಗೆ ನನ್ನ ಆಫೀಸಿನ ಪದ್ಧತಿಯನ್ನೂ ಒಮ್ಮೆ ಹೇಳಿದ್ದೆ. ಮಾರನೇ ದಿನ ಅಣೆಕಟ್ಟೆಯ ಲೆಕ್ಕದ ಕೆಳಗೆ "ಇದಕ್ಕೆ ಉತ್ತರ ಬೇಕಾಗಿಲ್ಲ" ಎಂದು ಹಾಕಿದ್ದರು. ಅದರ ಕೆಳಗೆ ಹದಿನಾಲ್ಕು ಜನ ಕೈ ಮುಗಿದಿದ್ದರು.