ಮೇದರ್ ಅವರ ರೋಹಿತವನ್ನು ನಾವೇ ಲೆಕ್ಕ ಹಾಕಿ ನೋಡಿದ್ದು

2006ರ ಭೌತವಿಜ್ಞಾನ ನೊಬೆಲ್ ಜಾನ್ ಮೇದರ್ ಮತ್ತು ಜಾರ್ಜ್ ಸ್ಮೂಟ್ ಅವರಿಗೆ ಬಂತು. ವಿಶ್ವ ಹಿನ್ನೆಲೆ ವಿಕಿರಣದಲ್ಲಿನ (ಮಹಾಸ್ಫೋಟದಿಂದ ಉಳಿದು ಇಡೀ ಆಕಾಶ ತುಂಬಿರುವ ವಿಕಿರಣ) ಸೂಕ್ಷ್ಮ ಏರಿಳಿತಗಳನ್ನು ಕಂಡುಹಿಡಿದದ್ದು ಸ್ಮೂಟ್ ತಂಡ. ಆ ವಿಕಿರಣ ಅಪ್ಪಟ ಕೃಷ್ಣಕಾಯದ್ದು, ಎಂದರೆ ತಾಪವೊಂದರಿಂದಲೇ ನಿರ್ಧಾರವಾಗುವ ವಿಕಿರಣವನ್ನು ಸೂಸುವ ಆದರ್ಶ ವಸ್ತುವಿನದ್ದು, ಎಂದು ತೋರಿಸಿದ್ದು ಮೇದರ್ ತಂಡ. ಬಿ.ಎಸ್ಸಿ. ಮಕ್ಕಳಿಗೆ ಪ್ಲಾಂಕ್ ನಿಯಮ (ಕೃಷ್ಣಕಾಯದ ವಿಕಿರಣದ ಸೂತ್ರ) ಕಲಿಸುವ ನನಗೆ ಎರಡನೆಯದರ ಮೇಲೆ ಪ್ರೀತಿ ಹೆಚ್ಚು. ಬೋರ್ಡಿನ ಮೇಲೆ ಬರೆಯುವ ಅದೇ ವಕ್ರರೇಖೆ ಇಡೀ ಆಕಾಶದಿಂದ ಬರುತ್ತಿದೆ ಎನ್ನುವುದನ್ನು ಬಾಯಿಮಾತಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ.

ಕೋಬೆ ಉಪಗ್ರಹದ ಫಿರಾಸ್ ಉಪಕರಣ ಅಳೆದ ರೋಹಿತವನ್ನು, ಎಂದರೆ ಯಾವ ಆವರ್ತನದಲ್ಲಿ ಎಷ್ಟು ತೀವ್ರತೆ ಎಂಬುದನ್ನು, ನಾಸಾ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಬರೀ 43 ಸಾಲಿನ ಪಟ್ಟಿ. ಅದನ್ನು ಎಕ್ಸೆಲ್‌ಗೆ ಹಾಕಿಕೊಂಡೆವು. ಮೊದಲ ಕಾಲಂನಲ್ಲಿ ಆವರ್ತನವಿದೆ, ಸೆಂಟಿಮೀಟರಿಗೆ ಇಷ್ಟು ಅಲೆ ಎಂಬ ಲೆಕ್ಕದಲ್ಲಿ. ಅದನ್ನು 1.4388ರಿಂದ ಗುಣಿಸಿ ತಾಪದಿಂದ ಭಾಗಿಸಿ, ಬಂದದ್ದರ ಎಕ್ಸ್‌ಪೊನೆನ್ಶಿಯಲ್ ತೆಗೆದು ಒಂದು ಕಳೆದರೆ ಛೇದ ಸಿಗುತ್ತದೆ. ಆವರ್ತನದ ಘನವನ್ನು 39.73ರಿಂದ ಗುಣಿಸಿದರೆ ಅಂಶ. ಅಂಶವನ್ನು ಛೇದದಿಂದ ಭಾಗಿಸಿದರೆ ಉತ್ತರ ಮೆಗಾಜಾನ್ಸ್ಕಿಯಲ್ಲಿ (ವಿಕಿರಣದ ತೀವ್ರತೆಯ ಏಕಮಾನ) ಬರುತ್ತದೆ. ಉಳಿಕೆ ಮತ್ತು ದೋಷದ ಕಾಲಂಗಳು ಕಿಲೋಜಾನ್ಸ್ಕಿಯಲ್ಲಿವೆ, ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು.

ತಾಪ 2.725 ಕೆಲ್ವಿನ್ ಎಂದಿಟ್ಟರೆ ಶಿಖರದ ಬಳಿಯ 5.45ರ ಸಾಲಿನಲ್ಲಿ 383.5 ಬರುತ್ತದೆ. 2.8 ಎಂದಿಟ್ಟರೆ 416ಕ್ಕೆ ಹಾರುತ್ತದೆ. ಒಂದು ಮಿಲಿಕೆಲ್ವಿನ್ ಹೆಚ್ಚಿಸಿದರೂ 430 ಕಿಲೋಜಾನ್ಸ್ಕಿ ವ್ಯತ್ಯಾಸ. ಅಲ್ಲಿ ಪಟ್ಟಿ ಕೊಡುವ ದೋಷ ಇಪ್ಪತ್ತರ ಆಸುಪಾಸು! ಗ್ರಾಫಿನಲ್ಲಿ ದೋಷದ ಗೆರೆ ಕಣ್ಣಿಗೇ ಬೀಳುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಆ ಪಟ್ಟಿಯ ತೀವ್ರತೆಯ ಕಾಲಂ ಅನ್ನು 2.725 ಕೆಲ್ವಿನ್ನಿನ ಪ್ಲಾಂಕ್ ರೇಖೆಗೆ ಉಳಿಕೆಯನ್ನು (ಅಳತೆಗೂ ಆ ರೇಖೆಗೂ ಇರುವ ವ್ಯತ್ಯಾಸ) ಕೂಡಿಸಿಯೇ ತಯಾರಿಸಿದ್ದಾರೆ. ಹಾಗಾಗಿ ನಮ್ಮ ಲೆಕ್ಕದಲ್ಲಿ 2.725 ಬಂದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನೋಡಬೇಕಾದದ್ದು ಉಳಿಕೆಯ ಕಾಲಂ. ಅದನ್ನು ಬೇರೆ ಗ್ರಾಫಾಗಿ ಎಳೆಸಿದೆ. ಸೊನ್ನೆಯ ಮೇಲೆ ಕೆಳಗೆ ಚದುರಿದ ಚುಕ್ಕಿಗಳು, ಕೊನೆಯ ಕೆಲವು ಸಾಲುಗಳಲ್ಲಿ ದೋಷ ಹೆಚ್ಚಿರುವಲ್ಲಿ ಮಾತ್ರ ದೂರ ಹೋದವು. ಸರಾಸರಿ ವಿಚಲನೆ (rms) ಶಿಖರದ ಹತ್ತು ಲಕ್ಷದಲ್ಲಿ 50 ಭಾಗಕ್ಕಿಂತ ಕಡಿಮೆ ಎಂದು 1996ರಲ್ಲಿ ಆ ತಂಡ ಪ್ರಕಟಿಸಿತು. ಮೇದರ್ ಅವರಿಗೆ ನೊಬೆಲ್ ಸಂದದ್ದು ಈ ಕಾಲಂಗೆ ಎಂದೇ ನಾನು ಹೇಳುತ್ತೇನೆ.

ಇಷ್ಟು ನಿಖರತೆ ಹೇಗೆ ಬಂತು ಎಂದು ಒಬ್ಬಳು ಕೇಳಿದಳು. ಫಿರಾಸ್ ಆಕಾಶವನ್ನು ಒಂಟಿಯಾಗಿ ಅಳೆಯಲಿಲ್ಲ. ಒಳಗಿದ್ದ ಕೃಷ್ಣಕಾಯದ ಜೊತೆ ಹೋಲಿಸಿ ವ್ಯತ್ಯಾಸವನ್ನಷ್ಟೇ ಅಳೆಯಿತು. ಆಗಾಗ ಇನ್ನೊಂದು ಕೃಷ್ಣಕಾಯವನ್ನು ಉಪಕರಣದ ಕೊಳವೆಯ ಬಾಯಿಗೇ ಇಟ್ಟು, ಆಕಾಶದ ಜಾಗದಲ್ಲಿ ಅದನ್ನು ನೋಡಿತು. ಎಲ್ಲವೂ ದ್ರವ ಹೀಲಿಯಂನ ತಂಪಿನಲ್ಲಿ. ಆಕಾರದ ನಿಖರತೆ ಬೇರೆ, ತಾಪದ ನಿಖರತೆ ಬೇರೆ: 1996ರ ತಾಪ 2.728, ಅದರಲ್ಲಿ 0.004ರ ಅನಿಶ್ಚಿತತೆ (ಪಟ್ಟಿಯ 2.725 ಇದರೊಳಗೇ ಬರುತ್ತದೆ). ಆ ಅನಿಶ್ಚಿತತೆ ಮುಖ್ಯವಾಗಿ ಥರ್ಮಾಮೀಟರಿನ ಮಿತಿ.

1989ರ ನವೆಂಬರ್‌ನಲ್ಲಿ ಹಾರಿದ ಕೋಬೆಯ ಮೊದಲ ರೋಹಿತವನ್ನು 1990ರ ಜನವರಿಯಲ್ಲಿ ಮೇದರ್ ತೋರಿಸಿದಾಗ ಖಗೋಳ ವಿಜ್ಞಾನಿಗಳ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಅದು ಬರೀ ಒಂಬತ್ತು ನಿಮಿಷಗಳ ಅಳತೆ.

ಮುಂದಿನ ಸೆಮಿಸ್ಟರ್‌ನಲ್ಲಿ ಸೂತ್ರದ ಘಾತಕ್ಕೆ ರಾಸಾಯನಿಕ ವಿಭವದ (ರೋಹಿತ ಅಪ್ಪಟ ಕೃಷ್ಣಕಾಯದ ಆಕಾರದಿಂದ ಎಷ್ಟು ವಾಲಿದೆ ಎಂದು ಹೇಳುವ ಸಂಖ್ಯೆ) ಪದವೊಂದನ್ನು ಸೇರಿಸಿ, ಅದು ಎಷ್ಟು ದೊಡ್ಡದಾದರೆ ಉಳಿಕೆಗಳು ಒಪ್ಪುವುದಿಲ್ಲ ಎಂದು ಮಕ್ಕಳಿಂದ ಹುಡುಕಿಸಬೇಕೆಂದಿದ್ದೇನೆ. ಫಿರಾಸ್ ತಂಡ ಕೊಟ್ಟ ಮಿತಿ 0.00009.