ಜುಬೈಲಿನಲ್ಲಿ ಕೂತು ಬರೆದ ಗದ್ದೆ ಲೆಕ್ಕ

ಕಾರಟಗಿ ಹತ್ತಿರದ ನಮ್ಮೂರು ಬಿಟ್ಟು ಸೌದಿಯ ಜುಬೈಲಿಗೆ ಬಂದದ್ದು 2023ರ ಜನವರಿಯಲ್ಲಿ. ಫಿಟ್ಟರ್ ಕೆಲಸ, ಕ್ಯಾಂಪಿನ ಒಂದು ರೂಮಿನಲ್ಲಿ ನಾಲ್ಕು ಮಂದಿ. ಪಗಾರ ಸರಿಯಾಗಿ ಬರುತ್ತಿತ್ತು, ಊಟಕ್ಕೆ ಕೊರತೆ ಇರಲಿಲ್ಲ. ಆದರೂ ಒಂದೂವರೆ ವರ್ಷ ನಾನು ಇಲ್ಲಿ ಇದ್ದೂ ಇರಲಿಲ್ಲ.

ಊರಿಗೂ ಇಲ್ಲಿಗೂ ಎರಡೂವರೆ ತಾಸಿನ ಅಂತರ. ಪೈಪಿನ ಬೋಲ್ಟ್ ಬಿಗಿ ಮಾಡುವಾಗಲೂ ಮನಸ್ಸು ಆ ಎರಡೂವರೆ ತಾಸು ಕೂಡಿಸುತ್ತಲೇ ಇರುತ್ತಿತ್ತು: ಈಗ ಅಪ್ಪ ಗದ್ದೆಯಿಂದ ಬಂದಿರಬೇಕು, ಈಗ ಅವ್ವ ಎಮ್ಮೆ ಹಿಂಡುತ್ತಿರಬೇಕು. ಬೇಸಿಗೆಯಂತೂ ತಡೆಯಲಾಗದು. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12ರಿಂದ 3ರವರೆಗೆ ಇಲ್ಲಿ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ನಿಯಮ ಒಳ್ಳೆಯದೇ, ಜೀವ ಉಳಿಸುವಂಥದ್ದು. ಆದರೆ ಆ ಮೂರು ತಾಸು ನೆರಳಲ್ಲಿ ಅಡ್ಡಾದರೆ ಊರು ಬಂದು ಎದೆ ಮೇಲೆ ಕೂರುತ್ತಿತ್ತು.

ದಿನಾ ರಾತ್ರಿ ವಿಡಿಯೋ ಕಾಲ್ ಮಾಡುತ್ತಿದ್ದೆ. "ಉಂಡಿ ಏನಪಾ?" "ಉಂಡೆ. ನೀ?" "ಹೂಂ, ಆತು." ಆಮೇಲೆ ಇಬ್ಬರೂ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುವುದು. ಅವ್ವ ಮೊಣಕಾಲು ನೋವು ಹೇಳುತ್ತಿರಲಿಲ್ಲ, ನಾನು ನಿದ್ದೆ ಬಾರದ್ದು ಹೇಳುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಬ್ಯಾಸರ ಇನ್ನೂ ಹೆಚ್ಚಾಗುತ್ತಿತ್ತು.

2024ರ ಜನವರಿ 27, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಶನಿವಾರ. ನಮಗೆ ಶುಕ್ರವಾರ ಒಂದೇ ರಜೆ, ಹಾಗಾಗಿ ಡ್ಯೂಟಿಯ ನಡುವೆ ಮೊಬೈಲಿನಲ್ಲಿ ತೇರು ನೋಡಿದೆ. ಉತ್ತತ್ತಿ ತೂರಿ ಕೈ ಮುಗಿಯುವ ಆ ಜನರಾಶಿಯಲ್ಲಿ ನಮ್ಮೂರಿನ ಒಂದಾದರೂ ಮುಖ ಕಂಡೀತೇ ಎಂದು ಹುಡುಕಿದೆ. ಕಾಣಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ. ಮೊಬೈಲಿನಲ್ಲಿ ಊರು ನೋಡುವುದು, ಹಸಿದವನು ಪಂಕ್ತಿಯ ಹೊರಗೆ ನಿಂತು ಉಣ್ಣುವವರನ್ನು ನೋಡಿದ ಹಾಗೆ.

ದಾರಿ ತೋರಿಸಿದ್ದು ಅಪ್ಪ, ಅದೂ ತನಗೆ ಗೊತ್ತಿಲ್ಲದೆ. 2023ರಲ್ಲಿ ಮಳೆ ಕೈಕೊಟ್ಟು ಎರಡನೇ ಬೆಳೆಗೆ ಕಾಲುವೆ ನೀರು ಸಿಕ್ಕಿರಲಿಲ್ಲ. 2024ರಲ್ಲಿ ತುಂಗಭದ್ರಾ ಡ್ಯಾಂ ತುಂಬಿತು, ನಾಟಿ ಶುರುವಾಯಿತು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. "ತಮ್ಮಾ, ಚೀಟಿ ಮ್ಯಾಲಿನ ಅಕ್ಷರ ಕಾಣವಲ್ವು. ಫೋಟೋ ಕಳಸ್ತೀನಿ, ನೀ ಬರಕೋ" ಅಂದ.

ಕ್ಯಾಂಪಿನ ಅಂಗಡಿಯಲ್ಲಿ ಒಂದು ನೋಟ್‌ಬುಕ್ ತಂದೆ. ಅರಬ್ಬಿಗೆ ಮಾಡಿದ್ದು, ಬಲಗಡೆಯಿಂದ ತೆರೆಯುತ್ತದೆ. ಹಾಗಾಗಿ ಕೊನೆಯ ಹಾಳೆಯಿಂದ ನನ್ನ ಲೆಕ್ಕ ಶುರು: ಟ್ರ್ಯಾಕ್ಟರ್ ಬಾಡಿಗೆ, ನಾಟಿ ಕೂಲಿ, ಯೂರಿಯಾ, ಡಿಎಪಿ, ಅಂಗಡಿ ಉದ್ರಿ. ಶುಕ್ರವಾರ ಬೆಳಗ್ಗೆ ಇಲ್ಲಿ 8, ಅಲ್ಲಿ ಹತ್ತೂವರೆ. ಅಪ್ಪ ಬಿಸ್ಕಿಟ್ ಡಬ್ಬಿಯಿಂದ ಚೀಟಿಗಳನ್ನು ಒಂದೊಂದಾಗಿ ತೆಗೆದು ಕ್ಯಾಮೆರಾಕ್ಕೆ ಹಿಡಿಯುವುದು, ನಾನು ಬರೆಯುವುದು. ಎರಡನೇ ವಾರವೇ ಒಂದು ತಪ್ಪು ಸಿಕ್ಕಿತು, ಅದೇ ಮೂರು ಚೀಲ ಡಿಎಪಿ ಎರಡು ಚೀಟಿಯಲ್ಲಿತ್ತು. ಅಪ್ಪ ಅಂಗಡಿಗೆ ಹೋಗಿ ಸರಿ ಮಾಡಿಸಿ ಬಂದು, "ಮಗ ಹಿಡದಾನ ಅಂತ ಹೇಳಿದೆ" ಅಂದ. ಆ ಮಾತು ಕೇಳಿ ನನಗಾದ ಸಮಾಧಾನ ಮೊದಲ ಪಗಾರ ಕಳಿಸಿದಾಗಲೂ ಆಗಿರಲಿಲ್ಲ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಸಸಿ ಆಗಷ್ಟೇ ಬೇರು ಹಿಡಿಯುತ್ತಿತ್ತು. ಎಡದಂಡೆ ಕಾಲುವೆ ನಂಬಿದವರ ಮನೆಯಲ್ಲಿ ಆ ವಾರ ಯಾರೂ ನೆಟ್ಟಗೆ ಮಲಗಲಿಲ್ಲ, ನಾನೂ ಮಲಗಲಿಲ್ಲ. ದಿನಾ ಸಂಜೆ ಒಳಹರಿವು ಎಷ್ಟು, ಹೊರಕ್ಕೆ ಬಿಟ್ಟದ್ದು ಎಷ್ಟು, ಡ್ಯಾಂನಲ್ಲಿ ಉಳಿದದ್ದು ಎಷ್ಟು ಟಿಎಂಸಿ ಎಂದು ಸುದ್ದಿಗಳಲ್ಲಿ ಹುಡುಕಿ ಓದಿ ಹೇಳುತ್ತಿದ್ದೆ. ಓಣಿಯ ನಾಲ್ಕಾರು ರೈತರು ಅಪ್ಪನ ಫೋನಿನ ಸುತ್ತ ಕೂತು ಕೇಳುತ್ತಿದ್ದರು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ನೀರು ನಿಲ್ಲಿಸಿದ ಸುದ್ದಿ ಬಂದಾಗ ಅಪ್ಪನ ಗಂಟಲು ಕಟ್ಟಿತ್ತು. ಆ ಎಂಟು ದಿನ ನನಗೆ ಅಂಜಿಕೆ ಇತ್ತು, ಊರ ಹಂಬಲ ಇರಲಿಲ್ಲ. ಅವರಿಗಿದ್ದ ಅಂಜಿಕೆಯೇ ನನಗೂ ಇತ್ತಲ್ಲ.

ಆಮೇಲೆ ಅವ್ವನ ಜೊತೆಗೂ ಮಾತಿನ ರೀತಿ ಬದಲಿಸಿದೆ. ಇಲ್ಲಿನ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಫೋನನ್ನು ಬೇಳೆ ಡಬ್ಬಿಗೆ ಒರಗಿಸಿ ರೊಟ್ಟಿಗೆ ಕೂತೆ. ಜೋಳಕ್ಕೆ ಗೋಧಿಯ ಹಾಗೆ ಜಿಗುಟಿಲ್ಲ. ಕುದಿಯುವ ನೀರು ಹೊಯ್ದು, ಕೈ ಸುಡುತ್ತಿರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. "ಅಂಚು ಸೀಳಾಕತ್ತಾವು ನೋಡು, ಇನ್ನಾ ನಾದು" ಎಂದು ಅವ್ವ ಗದರುತ್ತಿದ್ದಳು. ಕಾಯಿಲ್ ಒಲೆಯ ಕಾವು ಸಾಲದೆ ಮೊದಲ ಮೂರು ವಾರ ರೊಟ್ಟಿ ಉಬ್ಬಲೇ ಇಲ್ಲ. ಹಂಚನ್ನು ಮೊದಲು ಹತ್ತು ನಿಮಿಷ ಬರಿದೇ ಕಾಯಿಸಬೇಕೆಂದು ಹೇಳಿದವನು ಕರೀಂನಗರದ ರೂಮ್‌ಮೇಟ್, ಅವರ ಮನೆಯಲ್ಲೂ ಜೊನ್ನ ರೊಟ್ಟೆಯೇ. ರೊಟ್ಟಿ ತಟ್ಟುವಾಗ ಅವ್ವ ಮೊಣಕಾಲು ನೋವೂ ಹೇಳಿಕೊಂಡಳು.

ಭತ್ತ ಒಕ್ಕಿ, 75 ಕಿಲೋ ಚೀಲದ ಲೆಕ್ಕದಲ್ಲಿ ಮಾರಿದ್ದೂ ಬರೆದುಕೊಂಡೆ. ಸಾಲ ತೀರಿಸಿ ಅಪ್ಪನ ಕಣ್ಣಿನ ಆಪರೇಷನ್ನಿಗೆ ಉಳಿಯಿತು.

2025ರ ಜನವರಿಯಲ್ಲಿ ಜಾತ್ರೆಗೆ ಐದು ದಿನ ಮೊದಲಿನ ಶುಕ್ರವಾರ. ದಾಸೋಹಕ್ಕೆ ನಮ್ಮ ಭಾಗದ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಹೋಗುತ್ತವೆ. ಓಣಿಯ ಹೆಣ್ಣುಮಕ್ಕಳ ಜೊತೆ ಅವ್ವ ಅಲ್ಲಿ ಸೌದೆ ಒಲೆ ಮುಂದೆ ಬಡಿಯುತ್ತಿದ್ದಳು, ನಾನು ಇಲ್ಲಿ. "ನಿನ್ನವು ಎಷ್ಟಾದ್ವು?" "ಆರು." "ಹುಡುಗರಿಗೆ ನೀಡು, ಬಿಸಿ ಇದ್ದಾಗ." ಕೈಯ ಹಿಟ್ಟು ಒರೆಸಿಕೊಂಡು ಫೋನಿನ ಹತ್ತಿರ ಬಾಗಿದಳು. "ಮತ್ತ ಲೆಕ್ಕದಾಗ ಬರಕೋ. ಜ್ವಾಳ ಹದಿನೈದು ಕಿಲೋ, ಮಠಕ್ಕ."

ಬರೆದುಕೊಂಡೆ.